ಕ್ಲೋರೋಫಾರ್ಮ್ ಸಿಂಪ್ಸನ್: ಹೆರಿಗೆ ಪ್ರೊಫೆಸರ್‌ಗೆ ಊರ ನಡುವೆ ಪ್ರತಿಮೆ ಯಾಕೆ?

ಕೋಟೆಬೀದಿ:
ಎಡಿನ್‌ಬರಾಗೆ ಬಂದು ಎಂಟು ತಿಂಗಳಾಯ್ತು. ಬಸ್ಸಲ್ಲಿ ಹೋಗ್ವಾಗ ಪ್ರಿನ್ಸಸ್ ಸ್ಟ್ರೀಟ್ ಗಾರ್ಡನ್ ಹತ್ರ ಒಂದು ಕಂಚಿನ ಪ್ರತಿಮೆ ಕಾಣ್ಸುತ್ತೆ, ಕೂತಿರೋ ಮನುಷ್ಯ, ಯಾರೋ ಜಡ್ಜೋ ಮಂತ್ರಿನೋ ಇರ್ಬೇಕು ಅಂದ್ಕೊಂಡಿದ್ದೆ. ಮೊನ್ನೆ ಇಳಿದು ಓದಿದ್ರೆ ಸರ್ ಜೇಮ್ಸ್ ಯಂಗ್ ಸಿಂಪ್ಸನ್, ಇಲ್ಲಿನ ಯೂನಿವರ್ಸಿಟೀಲಿ ಹೆರಿಗೆ ಶಾಸ್ತ್ರದ ಪ್ರೊಫೆಸರ್! ನಮ್ಮಲ್ಲಿ ಸೂಲಗಿತ್ತಿಗೆ ಒಂದು ಸೀರೆ, ಮೊರದಲ್ಲಿ ಅಕ್ಕಿ ಬೆಲ್ಲ ಕೊಟ್ಟು ಕಳ್ಸಿದ್ರೆ ಮುಗೀತು, ಇಲ್ಲಿ ನೋಡಿದ್ರೆ ಪ್ರತಿಮೆ.

ನಂಗೆ ಗೊತ್ತಿದ್ದ ಕತೆ ಇಷ್ಟು: ಕ್ಲೋರೋಫಾರ್ಮ್ ಕಂಡುಹಿಡಿದ, ಚರ್ಚಿನವ್ರು ಬೈಬಲ್ ತೋರ್ಸಿ ಜಗಳ ತೆಗೆದ್ರು, ವಿಕ್ಟೋರಿಯಾ ರಾಣಿ ಹೆರಿಗೆಗೆ ಅದನ್ನೇ ಹಾಕಿಸ್ಕೊಂಡ್ಳು, ಎಲ್ರೂ ಬಾಯ್ ಮುಚ್ಚಿದ್ರು. ಇದು ಸರೀನಾ? ಇಲ್ಲಿ ಡಾಕ್ಟ್ರುಗಳು, ಹಿಸ್ಟರಿ ಓದೋರು ಇದೀರಲ್ಲ, ಹೇಳಿ.

ಮಂಪರು_ಡಾಕ್ಟ್ರು:
ಸಾರ್, ಸಿನಿಮಾ ಕತೆ ಥರ ಚೆನ್ನಾಗಿದೆ, ಆದ್ರೆ ಅರ್ಧ ತಪ್ಪು. ನಾನು ಅನಸ್ತೇಶಿಯಾ ವೃತ್ತಿಯೋನು, ಅದಕ್ಕೇ ತಡೆಯಕ್ಕಾಗ್ತಿಲ್ಲ.

ಕ್ಲೋರೋಫಾರ್ಮ್ ಅವ್ನು ಕಂಡುಹಿಡಿದಿದ್ದಲ್ಲ. 1831ರ ಸುಮಾರಿಗೆ ಅಮೆರಿಕದ ಗುತ್ರಿ, ಫ್ರಾನ್ಸಿನ ಸೂಬೆರಾ, ಜರ್ಮನಿಯ ಲೀಬಿಗ್, ಮೂರೂ ಜನ ಒಬ್ರಿಗೊಬ್ರು ಗೊತ್ತಿಲ್ದೇನೇ ತಯಾರಿಸಿದ್ರು. ಮೊದಲ ಅರಿವಳಿಕೇನೂ ಅದಲ್ಲ. 1846ರ ಅಕ್ಟೋಬರ್ 16ಕ್ಕೆ ಬಾಸ್ಟನ್‌ನಲ್ಲಿ ಮಾರ್ಟನ್ ಅನ್ನೋ ಹಲ್ಲಿನ ಡಾಕ್ಟ್ರು ಈಥರ್ ಕೊಟ್ಟು ಎಲ್ರ ಮುಂದೆ ಆಪರೇಷನ್ ಮಾಡಿಸಿ ತೋರ್ಸಿದ್ದ. ಆ ಸುದ್ದಿ ಹಡಗಲ್ಲಿ ಬ್ರಿಟನ್ನಿಗೆ ಬಂದು ಒಂದು ತಿಂಗಳು ದಾಟಿತ್ತಷ್ಟೆ, 1847ರ ಜನವರಿ 19ಕ್ಕೆ ಸಿಂಪ್ಸನ್ ಈಥರ್‌ನ ಹೆರಿಗೆಗೆ ಹಾಕಿ ನೋಡ್ದ. ಸೊಂಟದ ಮೂಳೆ ತುಂಬ ಕಿರಿದಾಗಿದ್ದ ಹೆಂಗಸು, ಸಹಜವಾಗಿ ಮಗು ಬರೋ ಹಾಗೇ ಇರ್ಲಿಲ್ಲ. ಅವನ ನಿಜವಾದ ಹೆಜ್ಜೆ ಇದು ನನ್ನ ಪ್ರಕಾರ. ಉಳಿದೋರೆಲ್ಲ ಕಾಲು ಕತ್ತರ್ಸೋಕೆ ಹಲ್ಲು ಕೀಳೋಕೆ ಅಂತ ಯೋಚಿಸ್ತಿದ್ದಾಗ ಇವ್ನು ಹೆರಿಗೆ ಕೋಣೆ ಕಡೆ ತಿರುಗಿದ.

ಈಥರ್‌ದು ತೊಂದ್ರೆ ಏನಂದ್ರೆ ಘಾಟು, ಕೆಮ್ಮು ಬರ್ಸುತ್ತೆ, ಸೀಸೆಗಟ್ಲೆ ಬೇಕು, ದೀಪದ ಹತ್ರ ಹೋದ್ರೆ ಹೊತ್ಕೊಳ್ಳುತ್ತೆ. ಅದಕ್ಕೆ ಬೇರೆ ಏನಾದ್ರೂ ಸಿಗುತ್ತಾ ಅಂತ ಹುಡುಕ್ತಾ ಇದ್ದ. ಹುಡುಕೋ ವಿಧಾನ ಕೇಳಿದ್ರೆ ನಗ್ತೀರಿ, ರಾತ್ರಿ ಊಟ ಆದ್ಮೇಲೆ ಮನೆ ಡೈನಿಂಗ್ ಟೇಬಲ್ ಸುತ್ತ ಕೂತು ಲೋಟಕ್ಕೆ ಒಂದೊಂದು ದ್ರವ ಹಾಕಿ ಮೂಸೋದು!! ಜೊತೆಗೆ ಅಸಿಸ್ಟೆಂಟುಗಳು ಜಾರ್ಜ್ ಕೀತ್, ಮ್ಯಾಥ್ಯೂಸ್ ಡಂಕನ್. 1847 ನವೆಂಬರ್ 4, ಕ್ವೀನ್ ಸ್ಟ್ರೀಟ್ 52ನೇ ನಂಬರ್ ಮನೆ. ಮೊದ್ಲು ನಗು, ವಿಪರೀತ ಮಾತು, ಆಮೇಲೆ ಮೂರೂ ಜನ ನೆಲದ ಮೇಲೆ. ಎದ್ದ ತಕ್ಷಣ ಸಿಂಪ್ಸನ್‌ಗೆ ಹೊಳೆದಿದ್ದು ಇದು ಈಥರ್‌ಗಿಂತ ಜೋರು ಅಂತ. ಮನೆಗೆ ಬಂದಿದ್ದ ನೆಂಟರ ಹುಡುಗಿ ಮಿಸ್ ಪೆಟ್ರೀನೂ ಮೂಸಿ, ನಾನು ದೇವತೆ ಅಂತ ಕೂಗ್ತಾ ಮಲಗಿಬಿಟ್ಳಂತೆ.

ಇನ್ನೊಂದು ಸ್ವಲ್ಪ ಜಾಸ್ತಿ ಸುರ್ಕೊಂಡಿದ್ರೆ ಎಡಿನ್‌ಬರಾದಲ್ಲಿ ಒಂದೇ ಮನೇಲಿ ಮೂರು ಹೆಣ. ಇವತ್ತು ಯಾರಾದ್ರೂ ಹಿಂಗೆ ಮಾಡಿದ್ರೆ ರಿಜಿಸ್ಟ್ರೇಷನ್ ಕ್ಯಾನ್ಸಲ್.

ಧಾರವಾಡ_ಪೇಡೆ:
ಅಲ್ರೀ ಡಾಕ್ಟ್ರ, ನವೆಂಬರ್ 4ಕ್ಕ ಮೂಸಿ ನೋಡಿದ್ರು, ಆಮೇಲೆ ಎಷ್ಟ್ ತಿಂಗಳ ಪ್ರಯೋಗ ಮಾಡಿ ರೋಗಿಗೆ ಕೊಟ್ರು?

ಮಂಪರು_ಡಾಕ್ಟ್ರು:
ನಾಲ್ಕು ದಿನ ಸಾರ್. ತಿಂಗ್ಳಲ್ಲ, ದಿನ. 8ಕ್ಕೆ ಒಬ್ಬ ಡಾಕ್ಟ್ರ ಹೆಂಡ್ತಿ ಹೆರಿಗೆಗೆ ಕೊಟ್ಟ, 10ಕ್ಕೆ ವೈದ್ಯರ ಸಭೇಲಿ ಭಾಷಣ, 15ಕ್ಕೆ ಪುಸ್ತಿಕೆ ಪ್ರಿಂಟ್ ಆಗಿ ಬಂತು.

ಧಾರವಾಡ_ಪೇಡೆ:
ಅಬ್ಬಬ್ಬಾ! ನಮ್ಮಲ್ಲಿ ಮದುವಿ ಕಾರ್ಡು ಪ್ರಿಂಟ್ ಆಗಾಕ ಇದಕ್ಕಿಂತ ಜಾಸ್ತಿ ದಿನ ಬೇಕು.

ಗೆದ್ದಲುಹುಳ:
ಅವನ ಅವಸರ ಅರ್ಥ ಆಗ್ಬೇಕಂದ್ರೆ ಹಿನ್ನೆಲೆ ನೋಡ್ಬೇಕು. ಬಾತ್‌ಗೇಟ್ ಅಂತ ಊರು, ಎಡಿನ್‌ಬರಾದಿಂದ ಪಶ್ಚಿಮಕ್ಕೆ, ಕೈಮಗ್ಗದ ನೇಕಾರರು ಜಾಸ್ತಿ ಇದ್ದ ಜಾಗ. ಅಪ್ಪ ಡೇವಿಡ್ ಬ್ರೆಡ್ ಸುಡೋನು, ಬೇಕರಿ ಅಷ್ಟಕ್ಕಷ್ಟೆ. 1811 ಜೂನ್ 7ಕ್ಕೆ ಇವ್ನು ಹುಟ್ದ, ಗಂಡುಮಕ್ಳಲ್ಲಿ ಏಳನೆಯವ್ನು. ಲೆಕ್ಕ ಪತ್ರ ಎಲ್ಲ ತಾಯಿ ಮೇರಿ ಕೈಗೆ ತಗೊಂಡ್ಮೇಲೇ ಅಂಗಡಿ ಸುಧಾರಿಸಿದ್ದು, ಆದ್ರೆ ಹುಡುಗನಿಗೆ ಒಂಬತ್ತು ವರ್ಷ ಆಗಿದ್ದಾಗ ಆಕೆ ತೀರ್ಕೊಂಡ್ಳು. ಅವನ ಹರಿದ ಕಾಲುಚೀಲಕ್ಕೆ ತೇಪೆ ಹಾಕ್ತಾ, ನಿಮ್ಮಮ್ಮ ಎಷ್ಟು ಚೆನ್ನಾಗಿ ಹೊಲೀತಿದ್ಳು ಅಂತ ನಾನಿಲ್ದಾಗ ನೆನೆಸ್ಕೋ ಮಗನೇ ಅಂದಿದ್ಳಂತೆ. ದೊಡ್ಡವನಾದ್ಮೇಲೂ ಆ ಮಾತು ಹೇಳ್ತಿದ್ದ.

ಮನೇಲಿ ಎಲ್ಲರೂ ಸೇರಿ ಒಬ್ಬನನ್ನಾದ್ರೂ ಓದ್ಸೋಣ ಅಂತ ಇವನ್ನ ಆರಿಸಿದ್ರು. ಅಣ್ಣಂದ್ರು ಬೇಕರೀಲಿ ದುಡಿದು ಕಳ್ಸೋದು, ಇವ್ನು 14ನೇ ವಯಸ್ಸಿಗೆ ಎಡಿನ್‌ಬರಾ ಯೂನಿವರ್ಸಿಟಿ. ಅಲ್ಲಿ ರಾಬರ್ಟ್ ಲಿಸ್ಟನ್ ಅಂತ ಹೆಸರಾಂತ ಸರ್ಜನ್, ಕತ್ತಿ ಹಿಡಿದ್ರೆ ಮಿಂಚು ಅಂತಿದ್ರು, ಯಾಕಂದ್ರೆ ಅರಿವಳಿಕೆ ಇಲ್ಲದ ಕಾಲಕ್ಕೆ ಬೇಗ ಕೊಯ್ಯೋನೇ ಒಳ್ಳೆ ಸರ್ಜನ್. ಅವ್ನು ಹೈಲ್ಯಾಂಡ್ಸ್ ಕಡೆಯ ಒಬ್ಬ ಹೆಂಗಸಿನ ಸ್ತನ ಕೊಯ್ಯೋದನ್ನ ನೋಡಿ ಈ ಹುಡುಗ ಎದ್ದು ಓಡಿಹೋದ, ಡಾಕ್ಟ್ರಿಕೆ ಬೇಡ, ಯಾವ್ದಾದ್ರೂ ಲಾಯರ್ ಹತ್ರ ಗುಮಾಸ್ತ ಆಗ್ತೀನಿ ಅಂತ ಹೊರಟಿದ್ದ. ಆಮೇಲೆ ಮನಸ್ಸು ಬದಲಾಯಿಸಿ ವಾಪಸ್ ಬಂದ.

1830ಕ್ಕೆ ಪಾಸಾದ, ಕ್ಲೈಡ್ ನದಿ ಕಡೆ ಇನ್ವರ್‌ಕಿಪ್ ಅನ್ನೋ ಹಳ್ಳಿ ಡಾಕ್ಟ್ರ ಕೆಲಸಕ್ಕೆ ಅರ್ಜಿ ಹಾಕ್ದ, ಕೊಡ್ಲಿಲ್ಲ. ಅದು ಸಿಕ್ಕಿದ್ರೆ ಇವತ್ತಿಗೂ ಅಲ್ಲೇ ಇರ್ತಿದ್ದೆ ಅಂತ ಅವನೇ ಹೇಳ್ಕೊಂಡಿದಾನೆ.

ಪ್ರೊಫೆಸರ್ ಆಗಿದ್ದು ಇನ್ನೂ ಮಜಾ. ಆಗ ಎಡಿನ್‌ಬರಾದಲ್ಲಿ ಪ್ರೊಫೆಸರುಗಳನ್ನ ಆರಿಸ್ತಿದ್ದಿದ್ದು ಟೌನ್ ಕೌನ್ಸಿಲ್, ಅಂದ್ರೆ ನಮ್ಮ ಮುನ್ಸಿಪಾಲ್ಟಿ ಮೆಂಬರುಗಳ ಥರ! ಹೆರಿಗೆ ಪೀಠ 1726ರಿಂದ್ಲೇ ಇತ್ತು. ಹಳೇ ಪ್ರೊಫೆಸರ್ ಹ್ಯಾಮಿಲ್ಟನ್ 1839ರಲ್ಲಿ ಸತ್ತ. ಸಿಂಪ್ಸನ್‌ಗೆ 28 ವರ್ಷ, ಮದ್ವೆ ಆಗಿಲ್ಲ. ಬ್ರಹ್ಮಚಾರಿಗೆ ಬಾಣಂತಿ ಶಾಸ್ತ್ರ ಯಾಕೆ ಅಂತ ಆಕ್ಷೇಪ. ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನ ಜೆಸ್ಸಿ ಗ್ರಿಂಡ್ಲೇನ ಮದ್ವೆ ಆಗ್ಬಿಟ್ಟ. ಪ್ರಚಾರಕ್ಕೆ ಸುಮಾರು 500 ಪೌಂಡ್ ಖರ್ಚು, ಎಲ್ಲಾ ಸಾಲ. 1840 ಫೆಬ್ರವರಿ 4ಕ್ಕೆ ವೋಟು: ಇವ್ನಿಗೆ 17, ಡಬ್ಲಿನ್ನಿನ ಎವರಿ ಕೆನಡಿಗೆ 16.

ಧಾರವಾಡ_ಪೇಡೆ:
ಒಂದ ವೋಟಿನ್ಯಾಗ! ಇದು ಎಪಿಎಂಸಿ ಎಲೆಕ್ಷನ್ ಆತಲ್ರೀ 😂 ಸಾಲ ಮಾಡಿ, ಮದುವಿ ಮಾಡ್ಕೊಂಡು, ಒಂದ್ ವೋಟ್ ಲೀಡ್. ಇಂವಗ ಬರೇ ಡಾಕ್ಟ್ರ ಅನಬಾರದ್ರೀ, ಪಕ್ಕಾ ರಾಜಕಾರಣಿ.

ಎರಡು_ಮಕ್ಕಳಮ್ಮ:
ನೀವೆಲ್ಲ ಗಂಡಸ್ರು ಡೇಟು ವೋಟು ಅಂತ ಕೂತಿದೀರಾ. ನಂಗೆ ಬೇಕಾಗಿರೋದು ಆ ಬೈಬಲ್ ಜಗಳ. ಯಾಕಂದ್ರೆ ನನ್ನ ಎರಡನೇ ಹೆರಿಗೇಲಿ ಎಪಿಡ್ಯೂರಲ್ (ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡೋ ಮದ್ದು) ಕೇಳಿದಾಗ ಮನೇಲಿ ದೊಡ್ಡೋರೊಬ್ರು ಅಂದಿದ್ದು ನೆನಪಿದೆ, ನಾವೆಲ್ಲ ಹೆತ್ತಿಲ್ವಾ, ನೋವು ತಿಂದ್ರೇನೇ ಮಗು ಮೇಲೆ ಮಮತೆ ಬರೋದು ಅಂತ. ಬೈಬಲ್ಲೂ ಇಲ್ಲ ಏನೂ ಇಲ್ಲ, ಮಾತು ಮಾತ್ರ ಅದೇ.

ಗೆದ್ದಲುಹುಳ:
ಅಕ್ಕ, ನಿಮ್ ಮನೆಯೋರ ಮಾತನ್ನ ಹೆಚ್ಚುಕಮ್ಮಿ ಹಾಗೇ ಹೇಳಿದ ದೊಡ್ಡ ಡಾಕ್ಟ್ರು ಒಬ್ಬ ಇದ್ದ ಆಗ. ಫಿಲಡೆಲ್ಫಿಯಾದ ಚಾರ್ಲ್ಸ್ ಮೆಗ್ಸ್, ಅವನೂ ಹೆರಿಗೆ ಪ್ರೊಫೆಸರ್ರೇ. ಹೆರಿಗೆ ನೋವು ಪ್ರಕೃತಿ ಕೊಟ್ಟಿರೋ ಒಳ್ಳೇ ಸೂಚನೆ, ಅದನ್ನ ತೆಗೀಬಾರ್ದು ಅಂತ ಸಿಂಪ್ಸನ್‌ಗೆ ಕಾಗದ ಬರ್ದ. ಸಿಂಪ್ಸನ್ ಕೊಟ್ಟ ಉತ್ತರದ ಧಾಟಿ ಹೇಳ್ತೀನಿ: ನಡೆಯೋದೂ ಪ್ರಕೃತಿನೇ, ಹಂಗಂತ ಗಾಡಿ ಹತ್ತೋದು ಬಿಡ್ತೀವಾ?

ಬೈಬಲ್ ವಿಷ್ಯ ಅಂದ್ರೆ ಆದಿಕಾಂಡದಲ್ಲಿ ದೇವರು ಈವಳಿಗೆ ನೋವಿನಿಂದ ಹೆರ್ತೀಯ ಅಂತ ಶಾಪ ಕೊಡೋ ಮಾತಿದೆ. ಸಿಂಪ್ಸನ್ 1847ರ ಡಿಸೆಂಬರ್‌ನಲ್ಲೇ ಧಾರ್ಮಿಕ ಆಕ್ಷೇಪಗಳಿಗೆ ಉತ್ತರ ಅಂತ ಪುಸ್ತಿಕೆ ಬಿಟ್ಟ. ಹೀಬ್ರೂ ಪದ ಬಿಡಿಸಿ ಅದಕ್ಕೆ ದುಡಿಮೆ, ಶ್ರಮ ಅಂತ ಅರ್ಥ, ಬರೀ ನೋವಲ್ಲ ಅಂದ. ಆ ಶಾಪದಲ್ಲೇ ಗಂಡಸಿಗೂ ಬೆವರು ಸುರಿಸಿ ದುಡಿ, ಹೊಲದಲ್ಲಿ ಮುಳ್ಳು ಬೆಳೀಲಿ ಅಂತಿದೆ, ಹಂಗಾದ್ರೆ ರೈತ ಕಳೆ ಕೀಳೋದೂ ಪಾಪಾನಾ ಅಂತ ಕೇಳ್ದ. ಕೊನೆಗೆ ಟ್ರಂಪ್ ಕಾರ್ಡು, ಆದಾಮನ ಪಕ್ಕೆಲುಬು ತೆಗ್ಯೋ ಮುಂಚೆ ದೇವರೇ ಅವನಿಗೆ ಗಾಢ ನಿದ್ದೆ ಬರಿಸಿದ, ಅಂದ್ರೆ ಮೊದಲನೇ ಆಪರೇಷನ್ನು ಅರಿವಳಿಕೆ ಕೊಟ್ಟೇ ಆಗಿದ್ದು!

ಆದ್ರೆ ಇಲ್ಲೊಂದು ತಿರುವಿದೆ. ಆ ಕಾಲದ ಪತ್ರಿಕೆ, ಧರ್ಮಗ್ರಂಥ ಎಲ್ಲ ಜಾಲಾಡಿದ ಇತಿಹಾಸಕಾರರಿಗೆ ಚರ್ಚಿನ ಕಡೆಯಿಂದ ಸಂಘಟಿತ ವಿರೋಧ ಅಂತ ಹೇಳೋಷ್ಟು ಏನೂ ಸಿಕ್ಕಿಲ್ಲ. ವಿರೋಧ ಬರುತ್ತೆ ಅಂತ ಮೊದಲೇ ಊಹಿಸಿ ಗುಂಡು ಹಾರಿಸಿದೋನು ಇವನೇ. ನಿಜವಾಗ್ಲೂ ಎದುರು ನಿಂತಿದ್ದು ಮೆಗ್ಸ್ ಥರದ ಡಾಕ್ಟ್ರುಗಳು.

ಎರಡು_ಮಕ್ಕಳಮ್ಮ:
ಅದೇ ನೋಡಿ. ಪಾದ್ರಿ ಮೇಲೆ ಹಾಕಿದ್ರೆ ಎಲ್ರಿಗೂ ಸುಲಭ. ಬೇಡ ಅಂದೋನೂ ಡಾಕ್ಟ್ರು, ಬೇಕು ಅಂದೋನೂ ಡಾಕ್ಟ್ರು, ಮಲಗಿರೋಳನ್ನ ಯಾರು ಕೇಳಿದ್ರು?

ಗೆದ್ದಲುಹುಳ:
ಆ ಮಟ್ಟಿಗೆ ಸಿಂಪ್ಸನ್‌ಗೆ ಒಂದು ಮಾರ್ಕ್ಸ್ ಕೊಡ್ಬೇಕು. ಡಾಕ್ಟ್ರುಗಳು ಎಷ್ಟೇ ತಡೆದ್ರೂ ಹೆಂಗಸರೇ ಕೇಳಿ ಹಾಕಿಸ್ಕೋತಾರೆ, ನೀವು ಬೇಡ ಅಂದ್ರೂ ನಿಲ್ಲಲ್ಲ ಅಂತ ಅವತ್ತೇ ವಾದ ಮಾಡಿದ್ದ. ಅಮೆರಿಕದಿಂದ ಎಮಿಲಿ ಬ್ಲ್ಯಾಕ್‌ವೆಲ್ ಅನ್ನೋ ಹೊಸ ಲೇಡಿ ಡಾಕ್ಟರ್ 1854ರಲ್ಲಿ ಬಂದಾಗ ತನ್ನ ಕೈಕೆಳಗೆ ಕಲಿಯೋಕೆ ಬಿಟ್ಕೊಂಡಿದ್ದೂ ಇವನೇ, ಆಗ ಅದು ಸಣ್ಣ ವಿಷ್ಯ ಅಲ್ಲ.

ರಿಟೈರ್ಡ್_ಸಿಸ್ಟರ್:
ನಾನು ಲೇಬರ್ ವಾರ್ಡಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೋಳು. ಡಾಕ್ಟ್ರು ಕೈ ಚಾಚಿ ಸಿಂಪ್ಸನ್ ಕೊಡಿ ಸಿಸ್ಟರ್ ಅಂದ್ರೆ ಕುದಿಸಿಟ್ಟ ಟ್ರೇಯಿಂದ ಮಗು ತಲೆ ಹಿಡಿದು ಎಳೆಯೋ ಆ ಇಕ್ಕಳ ಎತ್ತಿ ಕೊಡೋದು, ರಿಗ್ಲೀಸ್ ಅಂದ್ರೆ ಇನ್ನೊಂದು. ಇಷ್ಟು ವರ್ಷ ಸಿಂಪ್ಸನ್ ಅಂದ್ರೆ ನಂಗೆ ಆ ಎರಡು ಉದ್ದನೆ ಸ್ಟೀಲ್ ಅಲಗುಗಳೇ. ಈ ಥ್ರೆಡ್ ಓದಿ, ಬೇಕರಿ ಹುಡುಗ, ಅಮ್ಮ ಕಾಲುಚೀಲ ಹೊಲ್ಕೊಟ್ಟಿದ್ದು ಅಂತೆಲ್ಲ ಗೊತ್ತಾಯ್ತು. ಅದು ಅವರೇ ಮಾಡಿದ್ದಾ?

ಮಂಪರು_ಡಾಕ್ಟ್ರು:
ಅವನೇ ಸಿಸ್ಟರ್, 1848ರ ಸುಮಾರಿಗೆ. ಇಕ್ಕಳ ಅದಕ್ಕಿಂತ ಹಳೇದು, ತಲೆ ಹಿಡಿಯೋ ಬಾಗು, ಹಿಡಿಕೆ, ಬೀಗ ಎಲ್ಲ ಇವ್ನು ತಿದ್ದಿ ಒಂದು ಮಾದರಿ ಮಾಡ್ದ, ಅದು ಈಗ್ಲೂ ನಡೀತಿದೆ. ನೀವು ವ್ಯಾಕ್ಯೂಮ್ ಹಾಕೋದು ನೋಡಿರ್ತೀರಲ್ಲ, ಅದನ್ನೂ 1849ರಲ್ಲಿ ಮಾಡಿದ್ದ, ಏರ್ ಟ್ರ್ಯಾಕ್ಟರ್ ಅಂತ ಹೆಸರು, ಲೋಹದ ಸಿರಿಂಜಿಗೆ ಬಟ್ಟಲು ಸಿಕ್ಕಿಸಿ ಮಗು ತಲೆಗೆ ಹಿಡಿಸೋದು. ಅದು ಓಡ್ಲಿಲ್ಲ, ನೂರು ವರ್ಷ ಆದ್ಮೇಲೆ 1950ರ ದಶಕದಲ್ಲಿ ಸ್ವೀಡನ್ನಿನ ಮಾಲ್ಮ್‌ಸ್ಟ್ರಮ್ ಸರಿಯಾಗಿ ಮಾಡ್ದ.

ರಿಟೈರ್ಡ್_ಸಿಸ್ಟರ್:
ವ್ಯಾಕ್ಯೂಮ್ ಬಟ್ಟಲು ಜಾರಿ ಟಪ್ ಅಂತ ಬಿಟ್ಕೊಂಡಾಗಿನ ಸದ್ದು ಈಗ್ಲೂ ಕಿವೀಲಿದೆ ಡಾಕ್ಟ್ರೇ. ಅವರ ಕಾಲಕ್ಕೆ ಓಡ್ಲಿಲ್ಲ ಅಂದ್ರೆ ಆಶ್ಚರ್ಯ ಇಲ್ಲ ಬಿಡಿ.

ಕುಡ್ಲದ_ಮಳೆ:
ಎಲ್ಲ ಸರಿ ಮಾರಾಯ್ರೆ, ಆದರೆ ಸತ್ತವರ ಲೆಕ್ಕ ಯಾರೂ ಹೇಳುವುದಿಲ್ಲ ಅಲ್ವಾ? ಕ್ಲೋರೋಫಾರ್ಮ್‌ನಲ್ಲಿ ಜನ ಸತ್ತದ್ದುಂಟು. ನಾಲ್ಕು ದಿನದಲ್ಲಿ ರೋಗಿಗೆ ಕೊಟ್ಟದ್ದಕ್ಕೆ ಚಪ್ಪಾಳೆ ಹೊಡೆಯಲಿಕ್ಕೆ ನನ್ನಿಂದ ಆಗುವುದಿಲ್ಲ.

ಮಂಪರು_ಡಾಕ್ಟ್ರು:
ನೀವು ಹೇಳಿದ್ದು ನೂರಕ್ಕೆ ನೂರು. 1848 ಜನವರಿ 28, ನ್ಯೂಕಾಸಲ್ ಹತ್ರ ವಿನ್‌ಲೇಟನ್, ಹನ್ನಾ ಗ್ರೀನರ್ ಅಂತ 15 ವರ್ಷದ ಹುಡುಗಿ. ಕಾಲ್ಬೆರಳ ಉಗುರು ತೆಗ್ಯೋಕೆ ಬಟ್ಟೆ ಮೇಲೆ ಕ್ಲೋರೋಫಾರ್ಮ್ ಹನಿಸಿ ಕೊಟ್ರು, ಕೆಲವೇ ನಿಮಿಷಕ್ಕೆ ಹೋಗ್ಬಿಟ್ಳು. ಕಾಲ್ಬೆರಳ ಉಗುರಿಗೆ. ಸಿಂಪ್ಸನ್ ಏನಂದ ಗೊತ್ತಾ, ಕ್ಲೋರೋಫಾರ್ಮ್‌ದು ತಪ್ಪಲ್ಲ, ಎಬ್ಬಿಸೋಕೆ ಅಂತ ಬಾಯಿಗೆ ನೀರು ಬ್ರಾಂಡಿ ಹುಯ್ದರಲ್ಲ, ಅದು ಉಸಿರು ಕಟ್ಸಿತು ಅಂತ. ಮೂರ್ಛೆ ಹೋದೋರ ಬಾಯಿಗೆ ಹುಯ್ಯೋದು ತಪ್ಪು, ಅದು ಸರಿ, ಆದ್ರೆ ಮದ್ದಿನ ತಪ್ಪೇ ಇಲ್ಲ ಅಂತ ವಾದಿಸಿದ್ದು ಅವನ ಮೊಂಡುತನ.

ಇವನ ಪದ್ಧತಿ ಕರ್ಚೀಫಿಗೆ ಅಂದಾಜಲ್ಲಿ ಸುರಿದು ಮೂಗಿಗೆ ಹಿಡಿಯೋದು. ಅದೇ ಕಾಲಕ್ಕೆ ಲಂಡನ್ನಿನ ಜಾನ್ ಸ್ನೋ (ಹೌದು, ಕಾಲರಾ ಒಂದು ನೀರಿನ ಪಂಪಿಂದ ಹರಡ್ತಿದೆ ಅಂತ ತೋರ್ಸಿದ ಸ್ನೋನೇ) ಗಾಳೀಲಿ ನೂರಕ್ಕೆ ಎಷ್ಟು ಕ್ಲೋರೋಫಾರ್ಮ್ ಹೋಗ್ತಿದೆ ಅಂತ ಅಳೆಯೋ ಯಂತ್ರ ಮಾಡ್ತಾ ಕೂತಿದ್ದ. 1853 ಏಪ್ರಿಲ್ 7ಕ್ಕೆ ರಾಣಿಗೆ ಲಿಯೋಪೋಲ್ಡ್ ಹುಟ್ದಾಗ ಕರೆದಿದ್ದೂ ಸ್ನೋನ್ನೇ, ಸಿಂಪ್ಸನ್ನನ್ನಲ್ಲ. 53 ನಿಮಿಷ, ಸ್ವಲ್ಪ ಸ್ವಲ್ಪ, ಪೂರ್ತಿ ಎಚ್ಚರ ತಪ್ಪದ ಹಾಗೆ. ನಮ್ ವೃತ್ತಿಗೆ ಮೂಲಪುರುಷ ಸ್ನೋ ಅಂತ ನಾನಂತೂ ಹೇಳೋದು. ಸಿಂಪ್ಸನ್ ಬಾಗಿಲು ಒದ್ದು ತೆಗೆದೋನು, ಒಳಗೆ ನೋಡ್ಕೊಂಡು ಹೆಜ್ಜೆ ಇಟ್ಟೋನು ಸ್ನೋ.

ಕಲಬುರಗಿ_ಬಿಸಿಲು:
ಕ್ಲೋರೋಫಾರ್ಮ್ ಸಾವಿನ ಜಗಳ ನಮ್ ಕಡೀಗೂ ಬಂದಿತ್ತು ರೀ. ಆವಾಗ ನಾವು ನಿಜಾಮರ ರಾಜ್ಯದಾಗ ಇದ್ವಿ. ಹೈದರಾಬಾದ್‌ದಾಗ ಎಡ್ವರ್ಡ್ ಲಾರಿ ಅಂತ ಡಾಕ್ಟರ್, ಎಡಿನ್‌ಬರಾದಾಗೇ ಕಲಿತಂವ, ಕ್ಲೋರೋಫಾರ್ಮ್‌ದಿಂದ ಹಾರ್ಟ್ ನಿಲ್ಲಂಗಿಲ್ಲ, ಉಸಿರು ನೋಡ್ಕೊಂಡ್ರ ಸಾಕು ಅಂತ ಹಟ ಹಿಡಿದಿದ್ದ. 1888ಕ್ಕ ಒಂದು ಕಮಿಷನ್ ಮಾಡಿದ್ರು, ಲಂಡನ್ನಿನ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಾದವ್ರು ಒಪ್ಪಲಿಲ್ಲ, 1889ಕ್ಕ ಎರಡನೇದು, ಅದಕ್ಕ ನಿಜಾಮರು 1000 ಪೌಂಡ್ ಕೊಟ್ರು, ಲಂಡನ್‌ದಿಂದ ಲಾಡರ್ ಬ್ರಂಟನ್ ಅಂತ ಡಾಕ್ಟರ್ ಬಂದು ಕುಂತ್ರು. ನೂರಾರು ನಾಯಿಗಳ ಮ್ಯಾಲ ಪ್ರಯೋಗ. ಲಾರಿ ಹೇಳಿದ್ದೇ ಸರಿ ಅಂತ ವರದಿ ಕೊಟ್ರು.

ಮಂಪರು_ಡಾಕ್ಟ್ರು:
ವರದಿ ಬಂತು, ಆದ್ರೆ ತಪ್ಪಾಗಿ ಬಂತು. 1911ರಲ್ಲಿ ಲೆವಿ ಅನ್ನೋ ಡಾಕ್ಟ್ರು ತೋರ್ಸಿದ್ದು, ಮಂಪರು ಇನ್ನೂ ಆಳಕ್ಕೆ ಇಳೀದಿರೋ ಹೊತ್ತಲ್ಲಿ ಗಾಬರಿಗೆ ಅಡ್ರಿನಲಿನ್ ಏರಿದ್ರೆ ಹೃದಯ ಲಯ ತಪ್ಪಿ ಅದುರಿ ನಿಂತೇ ಹೋಗುತ್ತೆ ಅಂತ. ಹನ್ನಾ ಗ್ರೀನರ್‌ಗೂ ಅದೇ ಆಗಿರ್ಬೇಕು ಅಂತ ನಂಗನ್ಸುತ್ತೆ, ಭಯಪಟ್ಟ ಹುಡುಗಿ ಬೇರೆ. ಪಾಪದ ನಾಯಿಗಳು.

ಕೋಟೆಬೀದಿ:
ಒಂದು ಪ್ರತಿಮೆ ಬಗ್ಗೆ ಕೇಳಿದ್ದಕ್ಕೆ ನಿಜಾಮರ ತನಕ ಹೋದ್ವಿ! ಕ್ಲೋರೋಫಾರ್ಮ್ ಮೂಸಿ ನೋಡು ಅಂತ ಅವನಿಗೆ ಹೇಳಿದ್ಯಾರು, ಅವನಿಗೇ ಹೊಳೀತಾ?

ಗೆದ್ದಲುಹುಳ:
ಇದನ್ನೇ ಕಾಯ್ತಿದ್ದೆ. ಹೇಳಿದೋನು ಡೇವಿಡ್ ವಾಲ್ಡಿ, ಲಿನ್‌ಲಿತ್‌ಗೋ ಊರಿನೋನು, ಲಿವರ್‌ಪೂಲ್‌ನಲ್ಲಿ ಕೆಮಿಸ್ಟ್ ಆಗಿದ್ದ. 1847ರ ಅಕ್ಟೋಬರ್‌ನಲ್ಲಿ ಸಿಂಪ್ಸನ್‌ಗೆ, ಕ್ಲೋರೋಫಾರ್ಮ್ ನೋಡಿ, ನಾನೇ ಶುದ್ಧವಾಗಿ ಮಾಡಿ ಕಳಿಸ್ತೀನಿ ಅಂದ. ಅವನ ಲ್ಯಾಬಿಗೆ ಬೆಂಕಿ ಬಿತ್ತು, ತಡ ಆಯ್ತು, ಸಿಂಪ್ಸನ್ ಕಾಯ್ಲಿಲ್ಲ, ಎಡಿನ್‌ಬರಾದ ಡಂಕನ್ ಫ್ಲಾಕ್‌ಹಾರ್ಟ್ ಕಂಪನಿಯಿಂದ ತರ್ಸಿ ಮೂಸಿಬಿಟ್ಟ. ಪುಸ್ತಿಕೇಲಿ ವಾಲ್ಡಿಗೆ ಸಿಕ್ಕಿದ್ದು ಒಂದು ಅಡಿಟಿಪ್ಪಣಿ. ಅಷ್ಟೇ. ಆಮೇಲೆ ವಾಲ್ಡಿ 1853ರಲ್ಲಿ ಕಲ್ಕತ್ತಾಗೆ ಬಂದು ಕೆಮಿಕಲ್ ಫ್ಯಾಕ್ಟರಿ ಹಾಕಿ ಅಲ್ಲೇ 1889ರಲ್ಲಿ ತೀರ್ಕೊಂಡ.

ಇಷ್ಟಕ್ಕೆ ನಿಲ್ಲಲ್ಲ. ಲಿಸ್ಟರ್ ಅನ್ನೋ ಸರ್ಜನ್ ಕಾರ್ಬಾಲಿಕ್ ಆಸಿಡ್ ಹಾಕಿ ಗಾಯ ಕೊಳೆಯದ ಹಾಗೆ ಮಾಡಿ 1867ರಲ್ಲಿ ಬರ್ದಾಗ, ಇದನ್ನ ಫ್ರಾನ್ಸಿನ ಲೆಮೇರ್ ಮೊದ್ಲೇ ಹೇಳಿದಾನೆ, ಅವನ ಹೆಸರು ಹಾಕಿಲ್ಲ ಅಂತ ಪತ್ರಿಕೆಗೆ ಸುಳ್ಳು ಹೆಸರಲ್ಲಿ ಕಾಗದ ಬರೆದೋನು ಯಾರು? ನಮ್ಮ ಸಿಂಪ್ಸನ್ನೇ! ವಾಲ್ಡಿಗೆ ಅಡಿಟಿಪ್ಪಣಿ ಕೊಟ್ಟ ಮಹಾನುಭಾವ!!

ಧಾರವಾಡ_ಪೇಡೆ:
ಫೇಕ್ ಐಡಿ! 1867ರಾಗ ಫೇಕ್ ಐಡಿ!

ಗೆದ್ದಲುಹುಳ:
ಹೂಂ. ಲಿಸ್ಟರ್ ಮೇಲೆ ಸಿಟ್ಟಿಗೆ ಕಾರಣಾನೂ ಇತ್ತು. ಸಿಂಪ್ಸನ್ ರಕ್ತ ನಿಲ್ಸೋಕೆ ದಾರ ಕಟ್ಟೋ ಬದ್ಲು ಸೂಜಿ ಚುಚ್ಚಿ ಒತ್ತೋ ವಿಧಾನ ತಂದಿದ್ದ, ಆಕ್ಯುಪ್ರೆಷರ್ ಅಂತ ಕರೀತಿದ್ದ, ಈಗಿನ ಆಕ್ಯುಪ್ರೆಷರ್ ಅಲ್ಲ. ಸೈಮ್ ಅನ್ನೋ ಸರ್ಜರಿ ಪ್ರೊಫೆಸರ್ ಆ ಪುಸ್ತಿಕೇನ ಕ್ಲಾಸಲ್ಲಿ ಹುಡುಗರ ಮುಂದೇನೇ ಹರಿದು ಬಿಸಾಕ್ದ. ಆ ಸೈಮನ ಅಳಿಯನೇ ಲಿಸ್ಟರ್.

1868ರಲ್ಲಿ ಯೂನಿವರ್ಸಿಟಿ ಪ್ರಿನ್ಸಿಪಾಲ್ ಆಗೋ ಆಸೆ ಇತ್ತು, ಅದೂ ಸಿಗ್ಲಿಲ್ಲ. ಸಿಕ್ಕಿದ್ದು ಅಲೆಕ್ಸಾಂಡರ್ ಗ್ರಾಂಟ್‌ಗೆ, ಆತ ಬಂದಿದ್ದು ಎಲ್ಲಿಂದ ಅಂದ್ರೆ ಬಾಂಬೆ ಪ್ರೆಸಿಡೆನ್ಸಿಯ ವಿದ್ಯಾ ಇಲಾಖೆ ಡೈರೆಕ್ಟರ್ ಹುದ್ದೆಯಿಂದ. ಪೇಡೆ ಸಾಹೇಬ್ರೇ, ನಿಮ್ಮ ಧಾರವಾಡದ ಶಾಲೆಗಳೆಲ್ಲ ಆಗ ಅವನ ಕೈಕೆಳಗೇ ಇದ್ವು.

ಧಾರವಾಡ_ಪೇಡೆ:
ಹಂಗಾರ ಗೆದ್ದಂವ ನಮ್ಮಂವ 😎

ಕುಡ್ಲದ_ಮಳೆ:
ನನಗೆ ಇವನಲ್ಲಿ ನಿಜವಾಗಿ ಇಷ್ಟವಾದ ಕೆಲಸ ಒಂದುಂಟು, ಅದನ್ನು ಯಾರೂ ಎತ್ತಲಿಲ್ಲ. 1869ರಲ್ಲಿ ಹಾಸ್ಪಿಟಲಿಸಂ ಅಂತ ಹೆಸರಿಟ್ಟು ಬರೆದ ಬರಹ. ಹಳ್ಳಿ ಕಡೆಯ ಡಾಕ್ಟ್ರುಗಳಿಗೆಲ್ಲ ಕಾಗದ ಹಾಕಿ, ನೀವು ಕೈಕಾಲು ಕತ್ತರಿಸಿದವರಲ್ಲಿ ಎಷ್ಟು ಜನ ಉಳಿದರು ಹೇಳಿ ಅಂತ ಲೆಕ್ಕ ತರಿಸಿದ. ದೊಡ್ಡ ಆಸ್ಪತ್ರೆಗಳಲ್ಲಿ 2089 ಜನರಲ್ಲಿ 855 ಸಾವು, ಹಳ್ಳಿ ಮನೆಗಳಲ್ಲಿ 2098ರಲ್ಲಿ 226. ಅಂದರೆ ಒಂದು ಕಡೆ ನೂರಕ್ಕೆ 41, ಇನ್ನೊಂದು ಕಡೆ 11ರ ಒಳಗೆ. ಅರಮನೆಯಂಥ ಆಸ್ಪತ್ರೆ ಬೇಡ, ತಗಡಿನ ಸಣ್ಣ ಸಣ್ಣ ಮನೆ ಮಾಡಿ, ಆಗಾಗ ಬಿಚ್ಚಿ ಹೊಸದಾಗಿ ಕಟ್ಟಿ ಅಂದ. ಲೆಕ್ಕ ಹಾಕಿದ ರೀತಿಯಲ್ಲಿ ತಕರಾರು ಇರಬಹುದು, ಎರಡೂ ಕಡೆಯ ರೋಗಿಗಳು ಒಂದೇ ಥರ ಅಲ್ಲವಲ್ಲ. ಆದರೆ ತನ್ನ ಕಸುಬಿನವರ ಆಸ್ಪತ್ರೆಯನ್ನೇ ಲೆಕ್ಕ ಕೇಳಲಿಕ್ಕೆ ಧೈರ್ಯ ಬೇಕು.

ರಿಟೈರ್ಡ್_ಸಿಸ್ಟರ್:
ಬಾಣಂತಿ ಜ್ವರದ ಬಗ್ಗೆ ಏನಾದ್ರೂ ಮಾಡಿದ್ರಾ? ನಮ್ಗೆ ಟ್ರೈನಿಂಗಲ್ಲಿ ಮೊದಲ ದಿನ ಕಲ್ಸಿದ್ದೇ ಕೈ ತೊಳ್ಯೋದು.

ಕುಡ್ಲದ_ಮಳೆ:
ಸಿಸ್ಟರ್, ಆಪರೇಷನ್ ಆದವರಿಗೆ ಬರುವ ಜ್ವರವೂ ಬಾಣಂತಿ ಜ್ವರವೂ ಒಂದೇ ಜಾತಿ, ಹೆರಿಗೆ ಮಾಡಿಸುವವರ ಬೆರಳಿನಿಂದಲೇ ದಾಟಬಹುದು ಅಂತ 1850ರಲ್ಲಿ ಬರೆದಿದ್ದಾನೆ. ಆದರೆ ಅದಕ್ಕೂ ಮೊದಲು ಅದೇ ಸ್ಕಾಟ್ಲೆಂಡಿನ ಅಬರ್‌ಡೀನ್‌ನಲ್ಲಿ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲಿ ಯಾವ ಸೂಲಗಿತ್ತಿ ಯಾವ ಬಾಣಂತಿಗೆ ಜ್ವರ ತಂದಳು ಅಂತ ಪಟ್ಟಿಯನ್ನೇ ಅಚ್ಚು ಹಾಕಿಸಿ, ನಾನೂ ತಂದಿದ್ದೇನೆ ಅಂತ ಒಪ್ಪಿಕೊಂಡಿದ್ದ. ಊರವರು ಅವನನ್ನು ಊರಲ್ಲಿ ಬಾಳಲಿಕ್ಕೆ ಬಿಡಲಿಲ್ಲ. ಪ್ರತಿಮೆ ಕೊಡುವುದಾದರೆ ನಾನು ಅವನಿಗೆ ಕೊಡುತ್ತಿದ್ದೆ.

ಕೋಟೆಬೀದಿ:
ನಿನ್ನೆ ರಜಾ ಇತ್ತು, ಕ್ವೀನ್ ಸ್ಟ್ರೀಟ್ 52ರ ಮುಂದೆ ಹೋಗಿ ನಿಂತು ಬಂದೆ. ಕಲ್ಲಿನ ಮನೆ, ಅಕ್ಕಪಕ್ಕದ ಥರಾನೇ. ರಾಜಮನೆತನದೋರು, ಕೂಲಿಯೋರು ಎಲ್ಲ ಒಂದೇ ಬಾಗಿಲಲ್ಲಿ ಕಾಯ್ತಿದ್ರಂತೆ. ಫೀಸಿನ ಲೆಕ್ಕ ಇಡ್ತಾನೇ ಇರ್ಲಿಲ್ವಂತೆ, ಒಂದ್ಸಲ ಕಿಟಕಿ ಗಾಳಿಗೆ ಲಟಲಟ ಅಂತಿದೆ ಅಂತ ಜೇಬಲ್ಲಿದ್ದ ಬ್ಯಾಂಕ್ ನೋಟನ್ನೇ ಮಡಚಿ ಸಂದಿಗೆ ತುರುಕಿದ್ನಂತೆ.

1866ರಲ್ಲಿ ಬ್ಯಾರನೆಟ್ ಅನ್ನೋ ರಾಜಮನ್ನಣೆಯ ಪದವಿ ಬಂತು, ಲಾಂಛನದಲ್ಲಿ ನೋವನ್ನ ಗೆದ್ದಾಯ್ತು ಅಂತ ಅರ್ಥ ಬರೋ ಲ್ಯಾಟಿನ್ ಮಾತು. ಅದೇ ವರ್ಷ ದೊಡ್ಡ ಮಗ ಡೇವಿಡ್ ಸತ್ತ. ಅದನ್ನ ಓದಿದ್ಮೇಲೆ ಆ ಲಾಂಛನ ನೋಡೋಕೆ ಒಂಥರಾ ಆಯ್ತು.

ಎರಡು_ಮಕ್ಕಳಮ್ಮ:
ಅಯ್ಯೋ. ಅವನು ಸತ್ತಿದ್ದು ಯಾವಾಗ?

ಗೆದ್ದಲುಹುಳ:
1870 ಮೇ 6, 58 ವರ್ಷ. ಸಾಯೋ ಹಾಸಿಗೆ ಮೇಲೂ ಬಾಸ್ಟನ್ನಿನ ಬಿಗೆಲೋ ಅನ್ನೋ ಡಾಕ್ಟ್ರಿಗೆ, ಯಾರಿಗೆ ಎಷ್ಟು ಕ್ರೆಡಿಟ್ಟು ಅಂತ ಉದ್ದನೆ ಕಾಗದ ಬರೆಸ್ತಿದ್ದ! ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡ್ತೀವಿ ಅಂತ ಕೇಳಿದ್ರು, ಮನೆಯೋರು ಬೇಡ ಅಂದು ವಾರಿಸ್ಟನ್ ಸ್ಮಶಾನದಲ್ಲೇ ಮಾಡಿದ್ರು, ಅಬೆಯಲ್ಲಿ ಬರೀ ಎದೆವರೆಗಿನ ಪ್ರತಿಮೆ ಇದೆ. ಪ್ರೊಫೆಸರ್ ಕುರ್ಚಿ ಅಣ್ಣನ ಮಗ ಅಲೆಕ್ಸಾಂಡರ್ ರಸೆಲ್ ಸಿಂಪ್ಸನ್‌ಗೆ ಹೋಯ್ತು. ಆವತ್ತು ರಾತ್ರಿ ಜೊತೇಲಿ ಮೂಸಿ ಬಿದ್ದಿದ್ದ ಮ್ಯಾಥ್ಯೂಸ್ ಡಂಕನ್‌ಗೂ ಅದು ಬೇಕಿತ್ತು, ಸಿಗ್ಲಿಲ್ಲ, ಕೊನೆಗೆ ಲಂಡನ್ನಿಗೆ ಹೋದ.

ಧಾರವಾಡ_ಪೇಡೆ:
ಕುರ್ಚಿ ಮನ್ಯಾಗೇ ಉಳೀತು ಅನ್ರಿ. ಇದಕ್ಕೂ ವೋಟಿಂಗ್ ಇತ್ತೇನು?

ಗೆದ್ದಲುಹುಳ:
1858ರ ಕಾಯ್ದೆ ಬಂದ್ಮೇಲೆ ಟೌನ್ ಕೌನ್ಸಿಲ್ ಕೈಯಿಂದ ಆ ಅಧಿಕಾರ ಹೋಗಿತ್ತು. ಹಂಗಿದ್ರೂ ಮನೆಯೋರಿಗೇ ಸಿಕ್ತು ನೋಡಿ.

ರಿಟೈರ್ಡ್_ಸಿಸ್ಟರ್:
ಕೋಟೆಬೀದಿ ಅವ್ರೇ, ವಾರಿಸ್ಟನ್ ಕಡೆ ಹೋದ್ರೆ ಒಂದು ಫೋಟೋ ಹಾಕಿ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ನನ್ನ ಬ್ಯಾಚಿನ ಸಿಸ್ಟರುಗಳೆಲ್ಲ ಇದಾರೆ, ಅವ್ರಿಗೆ ಏನೂ ಹೇಳ್ದೆ ಬರೀ ಫೋಟೋ ಕಳ್ಸಿ, ಸಿಂಪ್ಸನ್ ಕೊಡಿ ಸಿಸ್ಟರ್ ಅಂತ ಕೆಳಗೆ ಬರೀತೀನಿ.